ಹಾರ್ಡಿಂಜ್ ಯಾರು? ಇರ್ವಿನ್ ಯಾರು? ನಮ್ಮ ಸರ್ಕಲ್, ರಸ್ತೆ, ನಾಲೆಗೆ ವೈಸರಾಯ್‌ಗಳ ಹೆಸರು ಬಂದದ್ದು ಹೀಗೆ

ಮೈಸೂರು: ಹೊರಗಿನಿಂದ ಬಂದವರು ಸಿಟಿ ಬಸ್ ಹತ್ತಿ ‘ಹಾರ್ಡಿಂಜ್ ಸರ್ಕಲ್ ಒಂದು ಟಿಕೆಟ್’ ಅಂದರೆ ಕಂಡಕ್ಟರ್ ಮರುಪ್ರಶ್ನೆ ಹಾಕಲ್ಲ. ಅದೇ ಜಾಗದ ಅಧಿಕೃತ ಹೆಸರು ಜಯಚಾಮರಾಜೇಂದ್ರ ಒಡೆಯರ್ ವೃತ್ತ. ನಡುವೆ ನಿಂತಿರೋದು ಮೈಸೂರಿನ ಕೊನೆಯ ಮಹಾರಾಜರ ಅಮೃತಶಿಲೆ ಪ್ರತಿಮೆ. ಆದರೂ ಜನರ ಬಾಯಲ್ಲಿ ಇರೋದು ನೂರು ವರ್ಷದ ಹಿಂದೆ ಬಂದು ಹೋದ ಒಬ್ಬ ಇಂಗ್ಲಿಷ್ ಲಾರ್ಡ್ ಹೆಸರು.

ಹಾರ್ಡಿಂಜ್ ಒಬ್ಬರೇ ಅಲ್ಲ. ಇರ್ವಿನ್ ರಸ್ತೆ, ಕರ್ಜನ್ ಪಾರ್ಕ್, ಲ್ಯಾನ್ಸ್‌ಡೌನ್ ಕಟ್ಟಡ, ಡಫರಿನ್ ಕ್ಲಾಕ್ ಟವರ್ ಎಲ್ಲವೂ ಒಂದೇ ಸಾಲಿನವು. ಪಕ್ಕದ ಮಂಡ್ಯ ಜಿಲ್ಲೆಗೆ ಹೋದರೆ ವೆಲ್ಲೆಸ್ಲಿ ಸೇತುವೆ ಇದೆ, ಹಿರಿಯರು ಇವತ್ತಿಗೂ ‘ಇರ್ವಿನ್ ನಾಲೆ’ ಅನ್ನುವ ವಿ.ಸಿ. ನಾಲೆ ಇದೆ. ಇವರೆಲ್ಲ ಯಾರು? ನಮ್ಮೂರಿಗೂ ಇವರಿಗೂ ಏನು ಸಂಬಂಧ? ಈ ಹೆಸರುಗಳ ಕೆಳಗೆ ವ್ಯಾಪಾರ ಮಾಡ್ತಾ ಇರೋರಿಗೆ ಇದು ಯಾಕೆ ಮುಖ್ಯ? ಒಂದೊಂದಾಗಿ ನೋಡೋಣ.

ವೈಸರಾಯ್ ಅಂದ್ರೆ ಯಾರು?

ಬ್ರಿಟಿಷ್ ರಾಜ ಅಥವಾ ರಾಣಿಯ ಪರವಾಗಿ ಇಲ್ಲಿ ಕೂತು ಆಳುವವನೇ ವೈಸರಾಯ್. 1857ರ ದಂಗೆ ಆದ ಮೇಲೆ, 1858ರಲ್ಲಿ ಈಸ್ಟ್ ಇಂಡಿಯಾ ಕಂಪನಿ ಕೈಯಿಂದ ಅಧಿಕಾರ ರಾಣಿ ವಿಕ್ಟೋರಿಯಾ ಕೈಗೆ ಹೋಯಿತು. ಅಲ್ಲಿವರೆಗೆ ಗವರ್ನರ್ ಜನರಲ್ ಆಗಿದ್ದ ಲಾರ್ಡ್ ಕ್ಯಾನಿಂಗ್ ಮೊದಲ ವೈಸರಾಯ್ ಕೂಡ ಆದರು. ಕೊನೆಯವರು ಲಾರ್ಡ್ ಮೌಂಟ್‌ಬ್ಯಾಟನ್. 1947ರ ಆಗಸ್ಟ್‌ಗೆ ವೈಸರಾಯ್ ಹುದ್ದೆ ಮುಗಿಯಿತು. ಗವರ್ನರ್ ಜನರಲ್ ಹುದ್ದೆ ಮಾತ್ರ 1950ರ ಜನವರಿ 26ರವರೆಗೆ ಇತ್ತು. ಅದರಲ್ಲಿ ಕೊನೆಗೆ ಕೂತವರು ಸಿ. ರಾಜಗೋಪಾಲಾಚಾರಿ.

ಇಲ್ಲಿ ಒಂದು ಗೊಂದಲ ಬಿಡಿಸಿಕೊಳ್ಳಬೇಕು. ಇಂಗ್ಲಿಷ್ ಹೆಸರು ಇದ್ದದ್ದೆಲ್ಲ ವೈಸರಾಯ್ ಹೆಸರಲ್ಲ. ಬೆಂಗಳೂರಿನ ಕಬ್ಬನ್ ಪಾರ್ಕ್‌ನ ಮಾರ್ಕ್ ಕಬ್ಬನ್, ಬೌರಿಂಗ್ ಆಸ್ಪತ್ರೆಯ ಲೆವಿನ್ ಬೌರಿಂಗ್ ಇಬ್ಬರೂ ಮೈಸೂರು ರಾಜ್ಯವನ್ನು ಬ್ರಿಟಿಷರು ನೇರವಾಗಿ ನೋಡಿಕೊಳ್ಳುತ್ತಿದ್ದ ಕಾಲದ ಕಮಿಷನರ್‌ಗಳು. ಮೈಸೂರಿನ ಅಠಾರಾ ಕಚೇರಿ ಮುಂದೆ ಪ್ರತಿಮೆಯಾಗಿ ನಿಂತಿರುವ ಸರ್ ಜೇಮ್ಸ್ ಗಾರ್ಡನ್ ಕೂಡ ಇಲ್ಲಿನ ಬ್ರಿಟಿಷ್ ಅಧಿಕಾರಿಯೇ. ಕುಶಾಲನಗರಕ್ಕೆ ಹಿಂದೆ ಇದ್ದ ಫ್ರೇಜರ್‌ಪೇಟೆ ಅನ್ನುವ ಹೆಸರೂ ಒಬ್ಬ ಕರ್ನಲ್‌ದು. ಇವರೆಲ್ಲ ವೈಸರಾಯ್ ಕೈಕೆಳಗಿನ ಸಾಲಿನವರು.

ಮಹಾರಾಜರು ಅವರ ಹೆಸರು ಯಾಕೆ ಇಟ್ಟರು?

ಇದಕ್ಕೆ ಉತ್ತರ 1831ರಲ್ಲಿದೆ. ಆಡಳಿತ ಸರಿ ಇಲ್ಲ ಅನ್ನುವ ನೆಪ ಹೇಳಿ ಬ್ರಿಟಿಷರು ಮುಮ್ಮಡಿ ಕೃಷ್ಣರಾಜ ಒಡೆಯರ್ ಕೈಯಿಂದ ರಾಜ್ಯದ ಆಡಳಿತ ಕಿತ್ತುಕೊಂಡರು. ಅದು ವಾಪಸ್ ಬಂದದ್ದು 50 ವರ್ಷ ಆದ ಮೇಲೆ, 1881ರಲ್ಲಿ, ಚಾಮರಾಜೇಂದ್ರ ಒಡೆಯರ್ ಕಾಲಕ್ಕೆ. ಆಗ ವೈಸರಾಯ್ ಆಗಿದ್ದವರು ಲಾರ್ಡ್ ರಿಪ್ಪನ್.

ಹಾಗಂತ ಸುಮ್ಮನೆ ಕೊಡಲಿಲ್ಲ. ಷರತ್ತುಗಳ ಉದ್ದ ಪಟ್ಟಿಯೇ ಇತ್ತು. ವರ್ಷಕ್ಕೆ ಕೊಡಬೇಕಿದ್ದ ಕಪ್ಪ 24.5 ಲಕ್ಷ ರೂಪಾಯಿಯಿಂದ 35 ಲಕ್ಷಕ್ಕೆ ಏರಿತು. ಮಾತು ತಪ್ಪಿದರೆ ಮತ್ತೆ ಕೈ ಹಾಕುವ ಅಧಿಕಾರವನ್ನು ಬ್ರಿಟಿಷರು ಇಟ್ಟುಕೊಂಡಿದ್ದರು. ಅಂದರೆ ಮೈಸೂರು ಅರಮನೆಗೆ ವೈಸರಾಯ್ ಅಂದರೆ ಬರೀ ಅತಿಥಿ ಅಲ್ಲ, ರಾಜ್ಯದ ಹಣೆಬರಹ ಬರೆಯುವ ಕೈ.

ಹಾಗಾಗಿ ವೈಸರಾಯ್ ಬರ್ತಾರೆ ಅಂದರೆ ಊರಿಗೆ ಊರೇ ಸಿಂಗಾರ ಆಗುತ್ತಿತ್ತು. ಎಚ್.ಡಿ. ಕೋಟೆ ತಾಲ್ಲೂಕಿನ ಕಾಕನಕೋಟೆಯಲ್ಲಿ ಆನೆ ಹಿಡಿಯುವ ಖೆಡ್ಡಾ ತೋರಿಸುತ್ತಿದ್ದರು. ಅವರು ಉಳಿದುಕೊಳ್ಳಲಿಕ್ಕೆ ಅಂತಲೇ ಚಾಮುಂಡಿ ಬೆಟ್ಟದ ಬುಡದಲ್ಲಿ ಲಲಿತಮಹಲ್ ಅರಮನೆ ಎದ್ದಿತು. ಅದಕ್ಕೆ ಅಡಿಗಲ್ಲು ಬಿದ್ದದ್ದು 1921ರಲ್ಲಿ, ನಕ್ಷೆ ಇ.ಡಬ್ಲ್ಯು. ಫ್ರಿಚ್‌ಲಿ ಅವರದ್ದು. ಬಂದು ಹೋದ ನೆನಪಿಗೆ ಒಂದು ಕಟ್ಟಡವೋ, ಗಡಿಯಾರವೋ, ರಸ್ತೆಯೋ ಅವರ ಹೆಸರು ಹೊತ್ತುಕೊಳ್ಳುತ್ತಿತ್ತು. ಇವತ್ತು ಮಂತ್ರಿ ಬಂದಾಗ ಕಲ್ಲು ಹಾಕಿಸುವ ಪದ್ಧತಿಗೆ ಇದೇ ಅಜ್ಜ ಅಂತ ಬೇಕಾದರೂ ಹೇಳಬಹುದು.

ಡಫರಿನ್: ಹೆಸರು ಹೋಯಿತು, ಗಡಿಯಾರ ಉಳಿಯಿತು

ಲಾರ್ಡ್ ಡಫರಿನ್ 1884ರಿಂದ 1888ರವರೆಗೆ ವೈಸರಾಯ್. 1886ರಲ್ಲಿ ಮೈಸೂರಿಗೆ ಬಂದ ನೆನಪಿಗೆ ದೇವರಾಜ ಮಾರುಕಟ್ಟೆ ಪಕ್ಕ ಗಡಿಯಾರ ಗೋಪುರ ಕಟ್ಟಿದರು. ಅದೇ ಡಫರಿನ್ ಕ್ಲಾಕ್ ಟವರ್.

ಆದರೆ ಹೂವು ಮಾರೋರ ಹತ್ತಿರ, ಬಾಳೆಹಣ್ಣಿನ ಗಾಡಿಯೋರ ಹತ್ತಿರ ಹೋಗಿ ‘ಡಫರಿನ್ ಎಲ್ಲಿ?’ ಅಂತ ಕೇಳಿ ನೋಡಿ, ಮುಖ ಮುಖ ನೋಡ್ತಾರೆ. ‘ಚಿಕ್ಕ ಗಡಿಯಾರ’ ಅಂದರೆ ತಕ್ಷಣ ಕೈ ತೋರಿಸ್ತಾರೆ. ಚಿಕ್ಕದು ಯಾಕೆ ಅಂದರೆ, 1927ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಆಳ್ವಿಕೆಯ ಬೆಳ್ಳಿಹಬ್ಬಕ್ಕೆ ಅರಮನೆ ನೌಕರರು ಸೇರಿ ಪುರಭವನದ ಹತ್ತಿರ 75 ಅಡಿ ಎತ್ತರದ ಇನ್ನೊಂದು ಗೋಪುರ ಕಟ್ಟಿಸಿದರು. ಅದರ ಮುಖದ ಮೇಲೆ ಇರೋದು ಕನ್ನಡ ಅಂಕಿಗಳು. ಅದು ದೊಡ್ಡ ಗಡಿಯಾರ ಆಯಿತು, ಇದು ಚಿಕ್ಕ ಗಡಿಯಾರ ಆಯಿತು. ಯಾವ ಸರ್ಕಾರಿ ಆದೇಶವೂ ಇಲ್ಲದೆ ಜನರೇ ಮಾಡಿದ ನಾಮಕರಣ ಇದು.

ಲ್ಯಾನ್ಸ್‌ಡೌನ್: ನಾಲ್ಕು ಜೀವ ಹೋದ ಕಟ್ಟಡ

ಡಫರಿನ್ ನಂತರ ಬಂದವರು ಲಾರ್ಡ್ ಲ್ಯಾನ್ಸ್‌ಡೌನ್, 1888ರಿಂದ 1894. ಇವರು 1892ರಲ್ಲಿ ಮೈಸೂರಿಗೆ ಬಂದರು. ಅದರ ನೆನಪಿಗೆ ಜಗನ್ಮೋಹನ ಅರಮನೆ ಸಮೀಪ ಎದ್ದದ್ದು ಲ್ಯಾನ್ಸ್‌ಡೌನ್ ಕಟ್ಟಡ. ಕಟ್ಟಿದ್ದೇ ಅಂಗಡಿ ಸಾಲಿಗಾಗಿ. ಮೈಸೂರಿನ ಎರಡು ಮೂರು ತಲೆಮಾರು ಶಾಲೆ ಕಾಲೇಜು ಪುಸ್ತಕ, ಹಳೇ ಪುಸ್ತಕ ಕೊಂಡಿದ್ದು ಇದರ ಕಮಾನುಗಳ ಕೆಳಗೆ.

2012ರ ಆಗಸ್ಟ್ 25ರಂದು ಈ ಕಟ್ಟಡದ ಒಂದು ಭಾಗ ಕುಸಿಯಿತು. ನಾಲ್ವರು ಸತ್ತರು. ಅಂಗಡಿಗಳನ್ನು ಖಾಲಿ ಮಾಡಿಸಲಾಯಿತು. ನಾಲ್ಕು ವರ್ಷ ಆದ ಮೇಲೆ, 2016ರ ಆಗಸ್ಟ್‌ನಲ್ಲಿ, ದೇವರಾಜ ಮಾರುಕಟ್ಟೆಯ ಧನ್ವಂತ್ರಿ ರಸ್ತೆ ಕಡೆಯ ಭಾಗವೂ ಬಿತ್ತು. ಅಲ್ಲಿ ಯಾರಿಗೂ ಪ್ರಾಣಾಪಾಯ ಆಗಲಿಲ್ಲ.

ಅಲ್ಲಿಂದ ಶುರುವಾದ ಜಗ್ಗಾಟ ಎಲ್ಲರಿಗೂ ಗೊತ್ತಿರೋದೇ. ಕೆಡವಿ ಅದೇ ಶೈಲಿಯಲ್ಲಿ ಹೊಸದಾಗಿ ಕಟ್ಟಬೇಕು ಅನ್ನುವುದು ಒಂದು ವಾದ, ಸರ್ಕಾರಿ ತಜ್ಞರ ಸಮಿತಿಯದ್ದೂ ಇದೇ ಅಭಿಪ್ರಾಯ. ಕೆಡವೋದು ಬೇಡ, ರಿಪೇರಿ ಮಾಡಿ ಉಳಿಸಬಹುದು ಅನ್ನುವುದು ಇಂಟ್ಯಾಕ್ ಮತ್ತು ಪಾರಂಪರಿಕ ಕಟ್ಟಡಗಳ ಪರ ಇರುವವರ ವಾದ. ಕೇಸು ಹೈಕೋರ್ಟ್‌ವರೆಗೂ ಹೋಯಿತು.

ಈ ಎರಡು ವಾದದ ನಡುವೆ ಸಿಕ್ಕಿಕೊಂಡವರು ಬಾಡಿಗೆದಾರ ವ್ಯಾಪಾರಿಗಳು. ಕಟ್ಟಡ ಪಾಲಿಕೆಯದ್ದು, ಅಂಗಡಿ ಬದುಕು ಇವರದ್ದು. ಕೆಡವಿದರೆ ಹೊಸ ಮಳಿಗೆ ಸಿಗುತ್ತಾ, ಸಿಕ್ಕರೆ ಅದೇ ಬಾಡಿಗೆಗಾ, ಕಟ್ಟೋವರೆಗೆ ಎಲ್ಲಿ ಕೂರೋದು ಅನ್ನುವ ಪ್ರಶ್ನೆ ಇವರದ್ದು. ರಿಪೇರಿ ಅಂದರೂ ಅಷ್ಟೇ, ತಲೆ ಮೇಲಿನ ಗಾರೆ ಯಾವಾಗ ಬೀಳುತ್ತೋ ಅನ್ನುವ ಭಯ. ಪರಂಪರೆ ಉಳಿಸಬೇಕು ಅನ್ನೋರೂ ಸುರಕ್ಷತೆ ಬೇಕು ಅನ್ನೋರೂ ತಪ್ಪು ಮಾತಾಡ್ತಿಲ್ಲ. ಆದರೆ ಸುಣ್ಣದ ಗಾರೆಯಲ್ಲಿ ಕಟ್ಟಿದ ಗೋಡೆ ವಾದ ಮುಗಿಯೋವರೆಗೆ ಕಾಯಲ್ಲ. ಮಳೆ ನೀರು ಸೂರಿನಿಂದ ಇಳಿಯದ ಹಾಗೆ ನೋಡಿಕೊಳ್ಳೋದು, ಬಿರುಕಲ್ಲಿ ಬೇರೂರಿದ ಅರಳಿ ಗಿಡ ಕೀಳಿಸೋದು, ಅಟ್ಟದ ಮೇಲೆ ಭಾರ ಏರಿಸದೆ ಇರೋದು, ಇವು ವರ್ಷ ವರ್ಷ ನಡೆಯಬೇಕಾದ ಕೆಲಸ.

ಕರ್ಜನ್: ಪಟ್ಟ ಕಟ್ಟಲು ಬಂದವರು

ಲಾರ್ಡ್ ಕರ್ಜನ್ 1899ರಿಂದ 1905ರವರೆಗೆ ವೈಸರಾಯ್. ಬಂಗಾಳವನ್ನು ಎರಡು ಭಾಗ ಮಾಡಿದವರು ಅಂತ ಪಠ್ಯಪುಸ್ತಕದಲ್ಲಿ ಓದಿರ್ತೀರಿ. ನಮ್ಮೂರಿನ ಮಟ್ಟಿಗೆ ಅವರ ನೆನಪು ಬೇರೆ. ತಂದೆ ತೀರಿಕೊಂಡಾಗ ನಾಲ್ವಡಿಯವರು ಇನ್ನೂ ಬಾಲಕ. ತಾಯಿ ವಾಣಿವಿಲಾಸ ಸನ್ನಿಧಾನದವರು ರೀಜೆಂಟ್ ಆಗಿ ರಾಜ್ಯ ನಡೆಸಿದರು. 1902ರ ಆಗಸ್ಟ್ 8ರಂದು ನಾಲ್ವಡಿಯವರಿಗೆ ಪೂರ್ಣ ಅಧಿಕಾರ ಕೊಡುವ ಸಮಾರಂಭ ಜಗನ್ಮೋಹನ ಅರಮನೆಯಲ್ಲಿ ನಡೆದಾಗ ಖುದ್ದಾಗಿ ಬಂದವರು ಕರ್ಜನ್. ಹಳೇ ಅರಮನೆ 1897ರಲ್ಲಿ ಬೆಂಕಿಗೆ ಆಹುತಿಯಾಗಿ, ಹೊಸದು ಆಗಿನ್ನೂ ಕಟ್ಟುತ್ತಿದ್ದರು.

ಅರಮನೆ ಮಗ್ಗುಲಿನ ಕರ್ಜನ್ ಪಾರ್ಕ್ ಅವರ ಹೆಸರಿನದು. ಬೆಂಗಳೂರಿನ ಬೌರಿಂಗ್ ಮತ್ತು ಲೇಡಿ ಕರ್ಜನ್ ಆಸ್ಪತ್ರೆಯಲ್ಲಿ ಇರೋದು ಅವರ ಹೆಂಡತಿ ಹೆಸರು.

ಹಾರ್ಡಿಂಜ್: ಒಪ್ಪಂದ ಬದಲಿಸಿದ ಭೇಟಿ

ಹಾರ್ಡಿಂಜ್ ಸರ್ಕಲ್‌ನ ಹಾರ್ಡಿಂಜ್ ಇದ್ದದ್ದು 1910ರಿಂದ 1916. ರಾಜಧಾನಿ ಕಲ್ಕತ್ತಾದಿಂದ ದೆಹಲಿಗೆ ಹೋದದ್ದು ಇವರ ಕಾಲದಲ್ಲೇ. 1912ರ ಡಿಸೆಂಬರ್‌ನಲ್ಲಿ ದೆಹಲಿಯ ಚಾಂದನಿ ಚೌಕದಲ್ಲಿ ಆನೆ ಮೇಲೆ ಮೆರವಣಿಗೆ ಹೋಗುವಾಗ ಕ್ರಾಂತಿಕಾರಿಗಳು ಇವರ ಮೇಲೆ ಬಾಂಬ್ ಎಸೆದರು. ಗಾಯಗೊಂಡು ಬದುಕಿಕೊಂಡರು.

ಅದಾಗಿ ಒಂದು ವರ್ಷಕ್ಕೆ, 1913ರ ನವೆಂಬರ್‌ನಲ್ಲಿ ಮೈಸೂರಿಗೆ ಬಂದರು. ಈ ಭೇಟಿ ಬರೀ ಊಟ ಉಪಚಾರದ್ದಲ್ಲ. 1881ರ ಬಿಗಿ ಷರತ್ತಿನ ಪತ್ರದ ಬದಲು ಮೈಸೂರಿಗೆ ಹೊಸ ಒಪ್ಪಂದ ಸಿಕ್ಕಿದ್ದು ಆಗಲೇ. ದಿವಾನರಾಗಿ ಸರ್ ಎಂ. ವಿಶ್ವೇಶ್ವರಯ್ಯ ಇದ್ದ ಕಾಲ ಅದು. ಮೊದಲಿನ ಪತ್ರ ‘ಕೊಟ್ಟಿದ್ದೇವೆ, ಹೀಗೇ ಇರಿ’ ಅನ್ನೋ ಧಾಟಿಯದ್ದು. ಹೊಸದು ಎರಡು ಕಡೆಯವರ ನಡುವಿನ ಒಪ್ಪಂದದ ರೂಪದ್ದು. ಅರಮನೆ ಪಾಲಿಗೆ ಇದು ದೊಡ್ಡ ಮರ್ಯಾದೆಯ ವಿಷಯ.

ಇರ್ವಿನ್: ರಸ್ತೆಗೂ ನಾಲೆಗೂ ಒಂದೇ ಹೆಸರು

ಲಾರ್ಡ್ ಇರ್ವಿನ್ 1926ರಿಂದ 1931ರವರೆಗೆ ವೈಸರಾಯ್. ಗಾಂಧೀಜಿ ಉಪ್ಪಿನ ಸತ್ಯಾಗ್ರಹ ಮಾಡಿದ್ದು, 1931ರ ಗಾಂಧಿ–ಇರ್ವಿನ್ ಒಪ್ಪಂದ ಆಗಿದ್ದು ಇವರ ಕಾಲದಲ್ಲಿ.

1927ರಲ್ಲಿ ಇರ್ವಿನ್ ಮೈಸೂರಿಗೆ ಬಂದರು. ಮೈಸೂರು ಕಟ್ಟುತ್ತಿದ್ದ 35 ಲಕ್ಷ ರೂಪಾಯಿ ಕಪ್ಪದಲ್ಲಿ 10.5 ಲಕ್ಷ ಬಿಡುತ್ತೇವೆ ಅಂತ ಪ್ರಕಟಿಸಿದರು. ಅಂದರೆ 1881ರಲ್ಲಿ ಏರಿಸಿದ್ದಷ್ಟೂ ಇಳಿಯಿತು. ಆ ಕಾಲಕ್ಕೆ ಅದು ಸಣ್ಣ ದುಡ್ಡಲ್ಲ. ಮೈಸೂರಿನಲ್ಲಿ ರಸ್ತೆಗೂ, ಕನ್ನಂಬಾಡಿ ಅಣೆಕಟ್ಟೆಯಿಂದ ಮಂಡ್ಯ ಸೀಮೆಗೆ ನೀರು ಒಯ್ಯುವ ದೊಡ್ಡ ನಾಲೆಗೂ ಇವರದೇ ಹೆಸರು ಬಂತು.

ಹುಲಿಕೆರೆ ಸುರಂಗ ದಾಟಿ ಬರುವ ಈ ನಾಲೆ ಮಂಡ್ಯದ ಬದುಕನ್ನೇ ಬದಲಾಯಿಸಿತು. ರಾಗಿ, ಹುರುಳಿ ಬೆಳೆಯುತ್ತಿದ್ದ ಖುಷ್ಕಿ ಜಮೀನು ಭತ್ತ, ಕಬ್ಬಿನ ಗದ್ದೆ ಆಯಿತು. ಸಕ್ಕರೆ ಕಾರ್ಖಾನೆ ಬಂತು. 1939ರಲ್ಲಿ ಮಂಡ್ಯ ಪ್ರತ್ಯೇಕ ಜಿಲ್ಲೆ ಆಯಿತು. ಅಣೆಕಟ್ಟೆ ಕನಸು ಹೊತ್ತವರು ವಿಶ್ವೇಶ್ವರಯ್ಯ, ನಾಲೆ ಕೆಲಸ ನಡೆದದ್ದು ದಿವಾನ್ ಮಿರ್ಜಾ ಇಸ್ಮಾಯಿಲ್ ಕಾಲದಲ್ಲಿ, ಹೆಸರು ಮಾತ್ರ ಇರ್ವಿನ್‌ದು. ಮುಂದೆ ಅದು ವಿಶ್ವೇಶ್ವರಯ್ಯ ನಾಲೆ ಅಂತ ಬದಲಾಯಿತು. ಈ ಹೆಸರನ್ನು ಮಾತ್ರ ಜನ ಮನಸಾರೆ ಒಪ್ಪಿಕೊಂಡರು. ಈಗ ಎಲ್ಲರ ಬಾಯಲ್ಲೂ ‘ವಿ.ಸಿ. ನಾಲೆ’.

ಇದೇ ನಾಲೆ ದುಃಖಕ್ಕೂ ಹೆಸರಾಗಿದೆ. 2018ರ ನವೆಂಬರ್ 24ರಂದು ಪಾಂಡವಪುರ ತಾಲ್ಲೂಕಿನ ಕನಗನಮರಡಿ ಬಳಿ ಖಾಸಗಿ ಬಸ್ ನಾಲೆಗೆ ಉರುಳಿ 30 ಜನ ಸತ್ತರು. ಸತ್ತವರಲ್ಲಿ ಶಾಲೆ ಮಕ್ಕಳೂ ಇದ್ದರು. ನಾಲೆ ಏರಿ ಮೇಲಿನ ರಸ್ತೆಗೆ ತಡೆಗೋಡೆ ಬೇಕು ಅನ್ನುವ ಕೂಗು ಅವತ್ತಿಂದ ಜೋರಾಯಿತು.

ಮೈಸೂರಿನ ಇರ್ವಿನ್ ರಸ್ತೆಯದ್ದು ಬೇರೆ ಕಥೆ. ನೆಹರು ವೃತ್ತದಿಂದ ರೈಲ್ವೆ ಸ್ಟೇಷನ್ ಕಡೆ ಹೋಗುವ ಈ ರಸ್ತೆಯ ವಿಸ್ತರಣೆ ವರ್ಷಗಟ್ಟಲೆ ಎಳೆದಾಡಿತು. ಅಂಗಡಿ, ಮನೆಗಳ ಮುಂಭಾಗ ಒಡೆಸಿಕೊಂಡವರು, ಪರಿಹಾರಕ್ಕೆ ಅಲೆದವರು ಈ ರಸ್ತೆಯಲ್ಲಿ ಬಹಳ ಜನ ಇದ್ದಾರೆ. ಇದೇ ರಸ್ತೆಯ ವೆಲ್ಲಿಂಗ್ಟನ್ ಹೌಸ್‌ನಲ್ಲಿ ಈಗ ಇಂದಿರಾ ಗಾಂಧಿ ರಾಷ್ಟ್ರೀಯ ಮಾನವ ಸಂಗ್ರಹಾಲಯದ ಕೇಂದ್ರ ಇದೆ.

ವೆಲ್ಲೆಸ್ಲಿ ಬೇರೆ, ವೆಲ್ಲಿಂಗ್ಟನ್ ಬೇರೆ

ಶ್ರೀರಂಗಪಟ್ಟಣದ ವೆಲ್ಲೆಸ್ಲಿ ಸೇತುವೆ ವೈಸರಾಯ್ ಕಾಲಕ್ಕಿಂತ ಹಳೆಯದು. ಟಿಪ್ಪು ಸುಲ್ತಾನ್ 1799ರ ಮೇ 4ರಂದು ಮಡಿದ ಮೇಲೆ ದಿವಾನ್ ಪೂರ್ಣಯ್ಯ ಕಾವೇರಿಗೆ ಅಡ್ಡಲಾಗಿ ಕಟ್ಟಿಸಿದ ಕಲ್ಲಿನ ಸೇತುವೆ ಇದು. ಮುಗಿದದ್ದು 1804ರಲ್ಲಿ. ಹೆಸರು ಆಗಿನ ಗವರ್ನರ್ ಜನರಲ್ ರಿಚರ್ಡ್ ವೆಲ್ಲೆಸ್ಲಿ ಅವರದ್ದು.

ಇವರ ತಮ್ಮ ಆರ್ಥರ್ ವೆಲ್ಲೆಸ್ಲಿ. ಶ್ರೀರಂಗಪಟ್ಟಣ ಯುದ್ಧದಲ್ಲಿ ಇದ್ದ ಸೇನಾಧಿಕಾರಿ. ಮುಂದೆ ನೆಪೋಲಿಯನ್‌ನನ್ನು ವಾಟರ್‌ಲೂನಲ್ಲಿ ಸೋಲಿಸಿ ಹೆಸರು ಮಾಡಿದ ಡ್ಯೂಕ್ ಆಫ್ ವೆಲ್ಲಿಂಗ್ಟನ್ ಇವರೇ. ಸೇತುವೆ ಅಣ್ಣನದು, ಇರ್ವಿನ್ ರಸ್ತೆಯ ವೆಲ್ಲಿಂಗ್ಟನ್ ಹೌಸ್ ತಮ್ಮನ ಹೆಸರಿನದು. ಬಹಳ ಕಡೆ ಇವೆರಡನ್ನೂ ಕಲಸಿ ಬರೆದಿರ್ತಾರೆ.

ಇನ್ನೂರು ವರ್ಷ ದಾಟಿದ ಈ ಸೇತುವೆ ಪ್ರವಾಹವನ್ನು ಎಷ್ಟೋ ಸಲ ತಡೆದುಕೊಂಡಿದೆ. ಕೆಆರ್‌ಎಸ್‌ನಿಂದ ಲಕ್ಷ ಕ್ಯುಸೆಕ್ ಮೇಲೆ ನೀರು ಬಿಟ್ಟ ವರ್ಷಗಳಲ್ಲಿ ಇದರ ಮೇಲೆ ಓಡಾಟ ನಿಲ್ಲಿಸಿದ್ದೂ ಇದೆ. ಅಂಥ ಹೊತ್ತಲ್ಲಿ ಸೆಲ್ಫಿ ತೆಗೆಯಲಿಕ್ಕೆ ಅಂತ ಬ್ಯಾರಿಕೇಡ್ ದಾಟುವವರು ಸ್ವಲ್ಪ ಯೋಚನೆ ಮಾಡೋದು ಒಳ್ಳೇದು.

ಬೇರೆ ಊರುಗಳು ಏನು ಮಾಡಿದವು?

ದೆಹಲಿ ಬಹುಪಾಲು ಹೆಸರುಗಳನ್ನು ಬದಲಾಯಿಸಿತು. ಕರ್ಜನ್ ರಸ್ತೆ ಕಸ್ತೂರಬಾ ಗಾಂಧಿ ಮಾರ್ಗ ಆಯಿತು. ಇರ್ವಿನ್ ಆಸ್ಪತ್ರೆ ಲೋಕನಾಯಕ್ ಆಸ್ಪತ್ರೆ ಆಯಿತು. ವಿಲ್ಲಿಂಗ್ಡನ್ ಆಸ್ಪತ್ರೆ ರಾಮಮನೋಹರ ಲೋಹಿಯಾ ಆಸ್ಪತ್ರೆ ಆಯಿತು. ಇರ್ವಿನ್ ಸ್ಟೇಡಿಯಂ ಈಗ ಮೇಜರ್ ಧ್ಯಾನ್‌ಚಂದ್ ಹೆಸರಿನಲ್ಲಿದೆ.

ಕೆಲವು ಕಡೆ ಹಾಗೇ ಬಿಟ್ಟರು. ಚೆನ್ನೈ ಪಾಲಿಕೆ ಇವತ್ತಿಗೂ ಕೂರೋದು ರಿಪ್ಪನ್ ಕಟ್ಟಡದಲ್ಲಿ. ಕೊಚ್ಚಿಯಲ್ಲಿ ವಿಲ್ಲಿಂಗ್ಡನ್ ದ್ವೀಪ ಇದೆ. ಬೆಂಗಳೂರಿನ ಎಂ.ಜಿ. ರಸ್ತೆಯ ಮೇಯೋ ಹಾಲ್‌ನಲ್ಲಿ ಕೋರ್ಟ್ ನಡೆಯುತ್ತೆ. 1872ರ ಫೆಬ್ರವರಿ 8ರಂದು ಅಂಡಮಾನ್‌ನಲ್ಲಿ ಕೈದಿಯೊಬ್ಬನ ಚಾಕುವಿಗೆ ಬಲಿಯಾದ ವೈಸರಾಯ್ ಲಾರ್ಡ್ ಮೇಯೋ ಅವರ ನೆನಪಿನ ಕಟ್ಟಡ ಅದು. ಕಣ್ಣಿನ ತೊಂದರೆ ಅಂದರೆ ಹಳ್ಳಿ ಹಳ್ಳಿಯಿಂದ ಜನ ಹೋಗುವ ಮಿಂಟೋ ಆಸ್ಪತ್ರೆಗೆ 1905ರಿಂದ 1910ರವರೆಗೆ ವೈಸರಾಯ್ ಆಗಿದ್ದ ಲಾರ್ಡ್ ಮಿಂಟೋ ಹೆಸರು.

ಹೆಸರು ಬದಲಾಯಿಸಬೇಕಾ, ಬೇಡವಾ?

ಇದರಲ್ಲಿ ಎರಡು ಮಾತಿದೆ. ನಮ್ಮನ್ನು ಆಳಿದವರ ಹೆಸರು ನಮಗ್ಯಾಕೆ ಅನ್ನೋದು ಒಂದು. ಕಪ್ಪ ಕಟ್ಟಿದ್ದು ನಮ್ಮ ರೈತರ ಕಂದಾಯದ ದುಡ್ಡಿನಿಂದ, ಕಟ್ಟಡ ಕಟ್ಟಿದ್ದೂ ನಮ್ಮ ಕೂಲಿಯವರು, ಅಂದ ಮೇಲೆ ಹೆಸರು ಅವರದ್ಯಾಕೆ ಅನ್ನುವ ಪ್ರಶ್ನೆಗೆ ಸುಲಭದ ಉತ್ತರ ಇಲ್ಲ. ಹೆಸರು ಅಳಿಸಿದರೆ ಇತಿಹಾಸವೂ ಅಳಿಸಿ ಹೋಗುತ್ತೆ, ಮಕ್ಕಳಿಗೆ ಕಥೆ ಹೇಳಲಿಕ್ಕಾದರೂ ಇರಲಿ ಅನ್ನೋದು ಇನ್ನೊಂದು.

ಸಾಮಾನ್ಯವಾಗಿ ರಸ್ತೆಗೋ ವೃತ್ತಕ್ಕೋ ಹೆಸರು ಇಡುವ ಪ್ರಸ್ತಾವ ಸ್ಥಳೀಯ ಸಂಸ್ಥೆಯಲ್ಲಿ ಬರುತ್ತೆ. ಪ್ರಕಟಣೆ ಹೊರಡಿಸಿ ಸಾರ್ವಜನಿಕರಿಂದ ಆಕ್ಷೇಪಣೆ ಕೇಳ್ತಾರೆ. ಆಮೇಲೆ ತೀರ್ಮಾನ ಆಗುತ್ತೆ. ಆಕ್ಷೇಪಣೆ ಇರಲಿ, ಸಲಹೆ ಇರಲಿ, ಕಾಲಾವಕಾಶದ ಒಳಗೆ ಬರವಣಿಗೆಯಲ್ಲಿ ಕೊಟ್ಟು ಸ್ವೀಕೃತಿ ತೆಗೆದುಕೊಳ್ಳಬೇಕು. ಫೇಸ್‌ಬುಕ್‌ನಲ್ಲಿ ಬೈದರೆ ಅದು ಆಕ್ಷೇಪಣೆ ಅಂತ ಲೆಕ್ಕಕ್ಕೆ ಬರಲ್ಲ.

ಅಂಗಡಿಯವರಿಗೆ ಇನ್ನೊಂದು ಮಾತು. ಹೆಸರು ಬದಲಾದ ರಸ್ತೆಯಲ್ಲಿ ಟ್ರೇಡ್ ಲೈಸೆನ್ಸ್, ಜಿಎಸ್‌ಟಿ, ಬ್ಯಾಂಕ್, ಕರೆಂಟ್ ಬಿಲ್ ಒಂದೊಂದರಲ್ಲಿ ಒಂದೊಂದು ವಿಳಾಸ ಇದ್ದರೆ ಸಾಲ ಕೇಳೋಕೆ ಹೋದಾಗ, ಪರಿಹಾರ ಕೇಳೋಕೆ ಹೋದಾಗ ತಕರಾರು ಬರಬಹುದು. ಎಲ್ಲ ದಾಖಲೆಯಲ್ಲೂ ಅಂಗಡಿ ನಂಬರ್ ಒಂದೇ ಥರ ಇರಲಿ, ರಸ್ತೆಯ ಹಳೇ ಹೆಸರು ಹೊಸ ಹೆಸರು ಎರಡೂ ಕಾಣಿಸಲಿ. ಲ್ಯಾನ್ಸ್‌ಡೌನ್ ಥರದ ಹಳೇ ಕಟ್ಟಡದಲ್ಲಿ ಬಾಡಿಗೆಗೆ ಇರೋರು ಕರಾರು ಪತ್ರ, ಬಾಡಿಗೆ ರಸೀದಿಗಳನ್ನು ಅಂಗಡಿ ಒಳಗೇ ಇಡದೆ ಒಂದು ಪ್ರತಿ ಮನೆಯಲ್ಲೂ ಇಟ್ಟಿರಬೇಕು.

ಒಂದೇ ನೋಟಕ್ಕೆ

* ವೆಲ್ಲೆಸ್ಲಿ ಸೇತುವೆ, ಶ್ರೀರಂಗಪಟ್ಟಣ: ರಿಚರ್ಡ್ ವೆಲ್ಲೆಸ್ಲಿ, ಗವರ್ನರ್ ಜನರಲ್, 1798–1805
* ಮೇಯೋ ಹಾಲ್, ಬೆಂಗಳೂರು: ಲಾರ್ಡ್ ಮೇಯೋ, 1869–1872
* ಡಫರಿನ್ ಕ್ಲಾಕ್ ಟವರ್, ಮೈಸೂರು: ಲಾರ್ಡ್ ಡಫರಿನ್, 1884–1888. ಜನರ ಬಾಯಲ್ಲಿ ಚಿಕ್ಕ ಗಡಿಯಾರ
* ಲ್ಯಾನ್ಸ್‌ಡೌನ್ ಕಟ್ಟಡ, ಮೈಸೂರು: ಲಾರ್ಡ್ ಲ್ಯಾನ್ಸ್‌ಡೌನ್, 1888–1894
* ಕರ್ಜನ್ ಪಾರ್ಕ್, ಮೈಸೂರು: ಲಾರ್ಡ್ ಕರ್ಜನ್, 1899–1905
* ಮಿಂಟೋ ಕಣ್ಣಾಸ್ಪತ್ರೆ, ಬೆಂಗಳೂರು: ಲಾರ್ಡ್ ಮಿಂಟೋ, 1905–1910
* ಹಾರ್ಡಿಂಜ್ ಸರ್ಕಲ್, ಮೈಸೂರು: ಲಾರ್ಡ್ ಹಾರ್ಡಿಂಜ್, 1910–1916. ಈಗ ಜಯಚಾಮರಾಜೇಂದ್ರ ಒಡೆಯರ್ ವೃತ್ತ
* ಇರ್ವಿನ್ ರಸ್ತೆ, ಮೈಸೂರು ಮತ್ತು ಇರ್ವಿನ್ ನಾಲೆ, ಮಂಡ್ಯ: ಲಾರ್ಡ್ ಇರ್ವಿನ್, 1926–1931. ನಾಲೆ ಈಗ ವಿಶ್ವೇಶ್ವರಯ್ಯ ನಾಲೆ